ಬೆರಳು ಓದುವ ಬ್ಯಾಂಕು

ಮನುಷ್ಯನ ಹೆದರಿಕೆಯನ್ನು ಅವನ ಬೆರಳ ತುದಿಯಿಂದಲೇ ಓದಬಹುದು ಎಂದು ಪಡುಗಡಲು ಬ್ಯಾಂಕು ಮೊದಲ ಸಲ ಜಾಹೀರಾತು ಕೊಟ್ಟಾಗ ಮಂಗಳೂರಿನಲ್ಲಿ ನಕ್ಕವರೇ ಹೆಚ್ಚು. ಐದಾರು ವರ್ಷ ಕಳೆಯುವಷ್ಟರಲ್ಲಿ ಆ ನಗು ನಿಂತುಹೋಯಿತು. ಪಾಸ್‌ವರ್ಡ್, ಪಿನ್, ಓಟಿಪಿ ಎಂಬ ಮಾತುಗಳು ಬಳಕೆ ತಪ್ಪಿದವು. ಬಂದರಿನಲ್ಲಿ ಮೀನು ಮಾರುವವರಿಂದ ಹಿಡಿದು ಜಿಲ್ಲಾ ನ್ಯಾಯಾಲಯದ ವಕೀಲರ ತನಕ ಎಲ್ಲರೂ ಫೋನಿನ ಗಾಜನ್ನು ಮುಟ್ಟಿದರೆ ಸಾಕಿತ್ತು. ಮುಟ್ಟಿದವರು ಯಾರು ಎಂದು ಬ್ಯಾಂಕಿಗೆ ತಿಳಿಯುತ್ತಿತ್ತು. ಯಾವ ಸ್ಥಿತಿಯಲ್ಲಿ ಮುಟ್ಟಿದರು ಎಂಬುದೂ ತಿಳಿಯುತ್ತಿತ್ತು.

ಯಂತ್ರದ ಹೆಸರು ಸ್ಪರ್ಶಕಾವಲು. ಅದು ಕೆಲಸ ಮಾಡುವ ಬಗೆ ಅಂಥ ಕಠಿಣದ್ದೇನೂ ಆಗಿರಲಿಲ್ಲ. ಬೆರಳು ಗಾಜನ್ನು ಎಷ್ಟು ಒತ್ತುತ್ತದೆ, ಒಂದು ಅಂಕೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದನ್ನು ಫೋನು ಗಮನಿಸುತ್ತಿತ್ತು. ಪರದೆಯ ಬೆಳಕು ಬೆರಳ ತುದಿಯ ಚರ್ಮದೊಳಗೆ ಹೊಕ್ಕು ಹಿಂತಿರುಗುವಾಗ ನಾಡಿಯ ಬಡಿತವನ್ನೂ ಹೊತ್ತು ತರುತ್ತಿತ್ತು. ಕೆಲವು ತಿಂಗಳು ಹೀಗೆ ಗಮನಿಸಿದರೆ ಒಬ್ಬ ಗ್ರಾಹಕನ ಸಾಮಾನ್ಯ ಮಟ್ಟ ಯಾವುದೆಂದು ಯಂತ್ರಕ್ಕೆ ಮನದಟ್ಟಾಗುತ್ತಿತ್ತು. ಆ ಮಟ್ಟದಲ್ಲೇ ಇದ್ದರೆ ಹಸಿರು ದೀಪ. ಸ್ವಲ್ಪ ಏರಿದರೆ ಹಳದಿ. ತೀರಾ ಏರಿದರೆ ಕೆಂಪು, ಆಗ ಹಣ ನಿಂತಲ್ಲೇ ನಿಲ್ಲುತ್ತಿತ್ತು.

ಕೆಂಪು ದೀಪ ಹತ್ತಿದಾಗ ಮುಂದೇನು ಮಾಡಬೇಕು ಎಂದು ತೀರ್ಮಾನಿಸುವವಳು ಜಲಜಾಕ್ಷಿ ಕೋಟ್ಯಾನ್. ಕೊಡಿಯಾಲಬೈಲಿನಲ್ಲಿದ್ದ ಬ್ಯಾಂಕಿನ ಕಟ್ಟಡದಲ್ಲಿ ಕಾವಲು ಕೋಣೆಯ ಮುಖ್ಯಸ್ಥೆ. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೈಕೆಳಗಿನವರಿಗೆ ಅವಳ ಮೇಲೆ ಸ್ವಲ್ಪ ಭಯ, ಹೆಚ್ಚು ಗೌರವ. ಯಂತ್ರವನ್ನು ಕಟ್ಟಿದವರು ಮೇಲಿನ ಮಹಡಿಯ ಪ್ರಯೋಗಾಲಯದ ಡಾಕ್ಟರ್ ಐವನ್ ಸಲ್ದಾನ್ಹಾ. ಆದರೆ ಯಂತ್ರದ ಮುಖ್ಯ ನಿಯಮ ಜಲಜಾಕ್ಷಿಯದು. ಹೆದರಿದ ಗ್ರಾಹಕ ಏನೂ ಆಗಿಲ್ಲ ಎಂದರೆ ಅದನ್ನು ನಂಬಬಾರದು ಎಂಬುದೇ ಆ ನಿಯಮ.

ಅದು ಪುಸ್ತಕ ಓದಿ ಬಂದ ತಿಳಿವಳಿಕೆ ಆಗಿರಲಿಲ್ಲ. ಅವಳ ಅಕ್ಕ ರತ್ನಾಕ್ಷಿ, ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು, ಯಂತ್ರ ಬರುವುದಕ್ಕೆ ಮುಂಚೆ ಒಮ್ಮೆ ಪೊಲೀಸ್ ವೇಷದವನೊಬ್ಬನ ವಿಡಿಯೋ ಕರೆಗೆ ಸಿಕ್ಕಿಬಿದ್ದಿದ್ದಳು. ನಿಮ್ಮ ಹೆಸರಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕೋಣೆ ಬಿಟ್ಟು ಕದಲಬೇಡಿ, ಯಾರಿಗೂ ಹೇಳಬೇಡಿ ಎಂದು ಅವನು ಹೆದರಿಸುತ್ತಲೇ ಇದ್ದ. ಬ್ಯಾಂಕಿನಿಂದ ಫೋನ್ ಮಾಡಿ ವಿಚಾರಿಸಿದಾಗ ರತ್ನಾಕ್ಷಿ, "ಎಂತ ತೊಂದರೆಯೂ ಇಲ್ಲ, ನಾನೇ ಕಳಿಸುವುದು" ಎಂದಿದ್ದಳು. ನಿವೃತ್ತಿಯ ಹಣವೆಲ್ಲ ಹೋಯಿತು. ಒಂದು ವರ್ಷ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆದ್ದರಿಂದ ಪ್ರತಿ ಗ್ರಾಹಕನೂ ತನ್ನ ಆಪ್ತರೊಬ್ಬರ ಹೆಸರು ಕೊಟ್ಟಿರಬೇಕು, ಕೆಂಪು ದೀಪ ಹತ್ತಿ ಗ್ರಾಹಕನ ಮಾತು ನಂಬಲಾರದಂತಿದ್ದರೆ ಆ ಆಪ್ತರಿಗೆ ಕರೆ ಹೋಗಬೇಕು ಎಂದು ಜಲಜಾಕ್ಷಿ ಪಟ್ಟು ಹಿಡಿದು ಮಾಡಿಸಿದ್ದಳು. ಎಷ್ಟೋ ಮನೆಗಳು ಉಳಿದಿದ್ದವು. ಹಾಗೆ ಉಳಿದ ಮನೆಯವರು ಹಬ್ಬಕ್ಕೆ ಸಿಹಿ ಕಳಿಸುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ಮೂಲ್ಕಿಯ ಖಾತೆಯೊಂದಕ್ಕೆ ಕೆಂಪು ಹತ್ತಿತು. ಖಾತೆದಾರಳು ಸೌಗಂಧಿ. ಬಸ್‌ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಇದುವರೆಗೆ ಒಮ್ಮೆಯೂ ಹಳದಿ ಕೂಡ ಹತ್ತಿರಲಿಲ್ಲ. ಈಗ ಉಳಿತಾಯದ ಹೆಚ್ಚುಪಾಲನ್ನು ಹಿಂದೆಂದೂ ಕಳಿಸದ ಖಾತೆಯೊಂದಕ್ಕೆ ಕಳಿಸಲು ಹೊರಟಿದ್ದಳು. ಜಲಜಾಕ್ಷಿಯೇ ಕರೆ ಮಾಡಿದಳು. ಬ್ಯಾಂಕಿನ ಕರೆಯೆಂದು ಗುರುತು ಸಿಗುವ ನೀಲಿ ಮುದ್ರೆ ಸೌಗಂಧಿಯ ಫೋನಿನಲ್ಲಿ ಮೂಡಿರಬೇಕು, ತಕ್ಷಣ ಎತ್ತಿಕೊಂಡಳು.

"ಸೌಗಂಧಿಯವರಾ? ಪಡುಗಡಲು ಬ್ಯಾಂಕಿನಿಂದ. ನೀವು ಈಗ ಕಳಿಸಿದ ಹಣವನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದೇವೆ. ನಿಮ್ಮನ್ನು ಯಾರಾದ್ರೂ ಹೆದರಿಸ್ತಾ ಇದ್ದಾರಾ?"

"ಇಲ್ಲ, ಇಲ್ಲ." ದನಿ ತೀರಾ ಸಣ್ಣದಾಗಿತ್ತು. "ಅದನ್ನು ಬಿಟ್ಟುಬಿಡಿ ಮೇಡಂ. ಹೋಗ್ಲಿ."

"ಬೇರೆ ಫೋನಿನಲ್ಲಿ ಯಾರಾದ್ರೂ ಇದ್ದಾರಾ? ಪೊಲೀಸ್ ಅಂತ, ಕಸ್ಟಮ್ಸ್ ಅಂತ?"

"ಇಲ್ಲಾಂತ ಹೇಳಿದೆನಲ್ಲ. ನನ್ನ ಹಣ, ನಾನೇ ಕಳಿಸುವುದು."

"ಯಾತಕ್ಕೆ ಅಂತ ಹೇಳ್ಲಿಕ್ಕೆ ಆಗ್ತದಾ?"

"ಈಗ ಮಾತಾಡ್ಲಿಕ್ಕೆ ಆಗುವುದಿಲ್ಲ. ದಯವಿಟ್ಟು ಯಾರಿಗೂ ಫೋನ್ ಮಾಡ್ಬೇಡಿ." ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಯಾರಿಗೂ ಹೇಳಬೇಡಿ ಎನ್ನುವುದು ಮೋಸಗಾರರು ಬಾಯಿಪಾಠ ಮಾಡಿಸುವ ಮಾತು. ಜಲಜಾಕ್ಷಿ ಹೆಚ್ಚು ಯೋಚಿಸಲಿಲ್ಲ. ಆಪ್ತರ ಜಾಗದಲ್ಲಿ ಗಂಡನ ಹೆಸರಿತ್ತು. ದಯಾಕರ, ಕಟ್ಟಡ ಕಂಟ್ರಾಕ್ಟರ್.

"ನೀವು ಫೋನ್ ಮಾಡಿದ್ದು ಭಾರೀ ಒಳ್ಳೇದಾಯ್ತು ಮೇಡಂ," ಎಂದ ಅವನು. ಮಾತಿನಲ್ಲಿ ವಿನಯವಿತ್ತು, ಗಾಬರಿ ಇರಲಿಲ್ಲ. "ಅವಳು ಸ್ವಲ್ಪ ಪಾಪದವಳು. ಯಾರು ಎಂತ ಹೇಳಿದ್ರೂ ನಂಬ್ತಾಳೆ. ಹಣ ಯಾರಿಗೆ ಹೋಗ್ಲಿಕ್ಕೆ ಇತ್ತು?"

ಹಣ ಪಡೆಯುವವರು ಗುರುತಿನವರೇ ಎಂದು ಮನೆಯವರು ಹೇಳಲೆಂದು ಹೆಸರು ತಿಳಿಸಲು ನಿಯಮದಲ್ಲಿ ಅವಕಾಶವಿತ್ತು. "ಉಡುಪಿಯ ಒಂದು ಮಹಿಳಾ ಹಾಸ್ಟೆಲ್," ಎಂದಳು ಜಲಜಾಕ್ಷಿ. "ನಿಮಗೆ ಗೊತ್ತುಂಟಾ?"

"ಇಲ್ಲ," ಎಂದ. "ಆದ್ರೆ ಈಗ ಗೊತ್ತಾಯ್ತಲ್ಲ. ನಾನು ನೋಡಿಕೊಳ್ತೇನೆ. ಹಣವನ್ನು ಬಿಡ್ಬೇಡಿ. ತುಂಬಾ ಉಪಕಾರ."

ಜಲಜಾಕ್ಷಿ ಹಣವನ್ನು ಸೌಗಂಧಿಯ ಖಾತೆಗೆ ಹಿಂತಿರುಗಿಸಿ, ಆ ಪ್ರಕರಣದ ಮೇಲೆ 'ರಕ್ಷಿಸಲಾಗಿದೆ' ಎಂದು ಗುರುತು ಹಾಕಿದಳು. ಅಷ್ಟರಲ್ಲಿ ಬೇರೊಂದು ಕೆಂಪು ಹತ್ತಿತ್ತು. ಅದನ್ನು ನೋಡಲು ಹೋದಳು.

ಆ ವಾರದ ಕೊನೆಯಲ್ಲಿ ಅವಳ ಸ್ವಂತ ಫೋನಿಗೇ ಒಂದು ಸೂಚನೆ ಬಂತು. ರತ್ನಾಕ್ಷಿಯ ಆಪ್ತಳಾಗಿ ಅವಳ ಹೆಸರೇ ಇದ್ದುದರಿಂದ, ಅಕ್ಕನ ಖಾತೆಯಲ್ಲಿ ಹಳದಿ ಹತ್ತಿದರೂ ಅವಳಿಗೆ ತಿಳಿಯುವಂತೆ ವ್ಯವಸ್ಥೆ ಮಾಡಿಕೊಂಡಿದ್ದಳು. ಹಂಪನಕಟ್ಟೆಯ ಸ್ಕ್ಯಾನಿಂಗ್ ಸೆಂಟರಿಗೆ ಹಣ ಹೋಗಿತ್ತು. ಸಂಜೆ ಅಕ್ಕತಂಗಿ ಒಟ್ಟಿಗಿದ್ದ ಉರ್ವದ ಮನೆಗೆ ಬಂದವಳೇ ಚಪ್ಪಲಿ ಬಿಡುತ್ತ, "ಅಕ್ಕ, ಎಂತದ್ದು ಸ್ಕ್ಯಾನ್? ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

ರತ್ನಾಕ್ಷಿ ಬಸಳೆಯ ಎಲೆ ಬಿಡಿಸುತ್ತಿದ್ದಳು. ಕೈ ನಿಂತಿತು. "ನಿನಗೆ ಹೇಗೆ ಗೊತ್ತಾಯ್ತು?"

"ಹಳದಿ ಬಂತು."

"ಅಂದ್ರೆ, ನನಗೆ ಹೆದರಿಕೆ ಆದದ್ದು ನಿನ್ನ ಫೋನಿಗೆ ಬಂತಾ?"

"ನಿನ್ನ ಒಳ್ಳೇದಕ್ಕೇ ಅಲ್ವಾ ಮಾಡಿದ್ದು?"

"ಎದೆಯಲ್ಲಿ ಒಂದು ಗಂಟು ಇದ್ದ ಹಾಗೆ ಆಗಿತ್ತು. ಏನೂ ಇಲ್ಲ ಅಂತ ಡಾಕ್ಟ್ರು ಹೇಳಿಯಾಯ್ತು." ರತ್ನಾಕ್ಷಿ ಮತ್ತೆ ಎಲೆ ಬಿಡಿಸಲು ಶುರುಮಾಡಿದಳು. ಸಿಟ್ಟು ಅವಳ ದನಿಯಲ್ಲಿರಲಿಲ್ಲ, ಬೆರಳುಗಳಲ್ಲಿತ್ತು. "ಗೊತ್ತಾಗುವ ತನಕ ನಾನೊಬ್ಬಳೇ ಹೆದರ್ತೇನೆ ಅಂತ ಮಾಡಿದ್ದೆ. ಅಷ್ಟೂ ಬಿಡುವುದಿಲ್ಲ ಅಲ್ವಾ ನೀನು? ಹೆದರ್ಲಿಕ್ಕೂ ಒಂದು ಕೋಣೆ ಬೇಕಾಗ್ತದೆ ಮಾರಾಯ್ತಿ, ಬಾಗಿಲು ಹಾಕಿಕೊಳ್ಳುವಂಥದ್ದು."

"ಆವತ್ತು ಬಾಗಿಲು ಹಾಕಿಕೊಂಡು ಕೂತದ್ದಕ್ಕೇ ಅಲ್ವಾ ಎಲ್ಲ ಹೋದದ್ದು?"

ರತ್ನಾಕ್ಷಿ ಎದ್ದು ಊಟಕ್ಕೆ ಬಡಿಸಿದಳು, ತಾನು ಆಮೇಲೆ ಉಣ್ಣುತ್ತೇನೆ ಎಂದಳು.

ಸೋಮವಾರ ಕಾವಲು ಕೋಣೆಗೆ ಒಂದು ವಿಚಾರಣೆ ಬಂದಿತ್ತು. ಮೂಲ್ಕಿಯ ಗ್ರಾಹಕಿಯೊಬ್ಬರ ಬೆರಳು ಬದಲಾಗಿದೆ, ಮುಖ ಅದೇ ಇದೆ, ಎಡಗೈಯಿಂದ ಹೊಸದಾಗಿ ನೋಂದಾಯಿಸಿಕೊಳ್ಳಲು ಒಪ್ಪಿಗೆ ಬೇಕು ಎಂದು. ಇಂಥವು ಬರುತ್ತಲೇ ಇರುತ್ತಿದ್ದವು. ಸುಟ್ಟ ಗಾಯ, ಬೈಕಿನಿಂದ ಬಿದ್ದದ್ದು, ಪಾರ್ಶ್ವವಾಯು. ಒಪ್ಪಿಗೆ ಒತ್ತುವ ಮುಂಚೆ ಜಲಜಾಕ್ಷಿಯ ಕಣ್ಣು ಹೆಸರಿನ ಮೇಲೆ ಬಿತ್ತು. ಸೌಗಂಧಿ.

ಬಲಗೈಯ ಕೊನೆಯ ಸ್ಪರ್ಶ ಬುಧವಾರ ಮಧ್ಯಾಹ್ನದ್ದು. ಆಮೇಲೆ ಬಲಗೈ ಗಾಜನ್ನು ಮುಟ್ಟಿಯೇ ಇರಲಿಲ್ಲ. ಎಡಗೈ ಮುಟ್ಟಿದಾಗಲೂ ನಾಡಿಯ ದೀಪ ಮಾತ್ರ ಹಸಿರಾಗಿತ್ತು.

ಅವಳು ಎದ್ದು ಮೇಲಿನ ಮಹಡಿಗೆ ಹೋದಳು. ಪ್ರಯೋಗಾಲಯದ ಉದ್ದ ಮೇಜಿನ ಮೇಲೆ ಪರೀಕ್ಷೆಗೆಂದು ಮಾಡಿದ ರಬ್ಬರಿನ ಬೆರಳುಗಳು ಸಾಲಾಗಿ ನಿಂತಿದ್ದವು, ಕೆಲವಕ್ಕೆ ಉಗುರೂ ಇತ್ತು. ಐವನ್ ಸಲ್ದಾನ್ಹಾ ಒಂದನ್ನು ಗಾಜಿಗೆ ಒತ್ತಿ ಹಿಡಿದು ಏನನ್ನೋ ಅಳೆಯುತ್ತಿದ್ದರು. ಜಲಜಾಕ್ಷಿ ವಿಷಯ ಹೇಳಿದಳು.

"ಡಾಕ್ಟ್ರೇ, ಇವರಿಗೆ ಏನೋ ಆಗಿದೆ. ಆದ್ರೆ ಯಂತ್ರ ಹಸಿರು ತೋರಿಸ್ತದೆ. ಇದು ಹೇಗೆ?"

ಐವನ್ ಆ ಖಾತೆಯ ಹಳೆಯ ದಾಖಲೆಯನ್ನು ತೆರೆದರು. ಒಂದು ವರ್ಷದ ಸ್ಪರ್ಶಗಳೆಲ್ಲ ಒಂದು ಗೆರೆಯಾಗಿ ಪರದೆಯ ಮೇಲೆ ಮೂಡಿದವು. ನೋಡುತ್ತ ನೋಡುತ್ತ ಅವರ ಹುಬ್ಬು ಕೂಡಿತು.

"ಮೇಡಂ, ನಮ್ಮ ಯಂತ್ರ ಹೆದರಿಕೆಯನ್ನು ಅಳೆಯುವುದಿಲ್ಲ. ವ್ಯತ್ಯಾಸ ಅಳೀತದೆ, ಅಷ್ಟೆ. ಮೊದಲ ತಿಂಗಳುಗಳಲ್ಲಿ ಹೇಗಿದ್ರೋ ಅದನ್ನೇ ಸರಿ ಅಂತ ತಿಳ್ಕೊಳ್ತದೆ. ಇಲ್ಲಿ ನೋಡಿ, ಇವರ ಸಾಮಾನ್ಯ ಮಟ್ಟವೇ ಬೇರೆಯವರ ಹಳದಿಗಿಂತ ಮೇಲೆ ಉಂಟು. ದಿನಾ ಹೆದರಿಕೊಂಡೇ ಇರುವವರಿಗೆ ಅದೇ ಸೊನ್ನೆ."

"ಅಂದ್ರೆ ಹಸಿರು ಅಂದ್ರೆ..."

"ಎಂದಿನ ಹಾಗೆ ಅಂತ. ಅದಕ್ಕಿಂತ ಹೆಚ್ಚು ಅರ್ಥ ಇಲ್ಲ."

ಗೆರೆ ಹಗಲು ಅಂಗಡಿಯ ಹೊತ್ತಿನಲ್ಲಿ ಇಳಿಯುತ್ತಿತ್ತು. ಸಂಜೆಗೆ ಏರುತ್ತಿತ್ತು. ಭಾನುವಾರಗಳು ಎತ್ತರದಲ್ಲೇ ಇದ್ದವು. ಕರೆಂಟ್ ಬಿಲ್ಲು, ಹಾಲಿನ ದುಡ್ಡು, ಗಂಡನಿಗೆ ಕಳಿಸಿದ ಮೊತ್ತ, ಒಂದೊಂದರ ಜೊತೆಗೂ ನಾಡಿಯ ಒಂದು ತುಣುಕು ಇತ್ತು. ಒಂದು ಹೆಂಗಸಿನ ಮನೆಯೊಳಗಿನ ವರ್ಷವಿಡೀ ಅಲ್ಲಿ ಬಿದ್ದುಕೊಂಡಿತ್ತು.

"ಬುಧವಾರ ಏರಿದ್ದು ಯಾಕೆ ಹಾಗಾದ್ರೆ?" ಎಂದಳು ಜಲಜಾಕ್ಷಿ. "ಮೋಸದವರಿಗೆ ಕಳಿಸ್ತಾ ಇದ್ದಾಳೆ ಅಂತ ನಾನು ಖಂಡಿತ ಮಾಡಿಕೊಂಡೆ."

"ಅದು ಹೆದರಿಕೆಯೇ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಧೈರ್ಯ ಮಾಡುವಾಗ್ಲೂ ನಾಡಿ ಹೀಗೇ ಓಡ್ತದೆ. ಗಾಜಿಗೆ ಎರಡೂ ಒಂದೇ." ಐವನ್ ಕೈ ಚಾಚಿ ಪರದೆಯನ್ನು ಆರಿಸಿದರು. "ಇದನ್ನು ನಾವು ನೋಡಬಾರದಿತ್ತು," ಎಂದರು ಅವರು. "ನೋಡುವ ಹಾಗೆ ನಾನು ಕಟ್ಟಬಾರದಿತ್ತು."

ಗ್ರಾಹಕರನ್ನು ಹುಡುಕಿಕೊಂಡು ಹೋಗುವುದು ಕಾವಲು ಕೋಣೆಯವರಿಗೆ ನಿಷಿದ್ಧ. ಮರುದಿನ ಜಲಜಾಕ್ಷಿ ರಜೆ ಹಾಕಿ ಮೂಲ್ಕಿಯ ಬಸ್ಸು ಹತ್ತಿದಳು.

ಔಷಧಿ ಅಂಗಡಿಯಲ್ಲಿ ಮೂರು ನಾಲ್ಕು ಜನ ನಿಂತಿದ್ದರು. ಕೌಂಟರಿನ ಹಿಂದಿನ ಹೆಂಗಸಿಗೆ ಬಲಗೈಯ ಬೆರಳುಗಳಿಂದ ಮೊಣಕೈವರೆಗೆ ಪ್ಲಾಸ್ಟರ್. ಎಡಗೈಯಿಂದ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದಳು, ಕತ್ತರಿ ಜಾರುತ್ತಿತ್ತು. ಸಣ್ಣ ಮೈಕಟ್ಟಿನವಳು. ಗಿರಾಕಿಗಳೊಡನೆ ನಗುತ್ತಲೇ ಮಾತಾಡುತ್ತಿದ್ದಳು. ಜನ ಕರಗಿದ ಮೇಲೆ ಜಲಜಾಕ್ಷಿ ಹತ್ತಿರ ಹೋಗಿ ತನ್ನ ಹೆಸರು ಹೇಳಿದಳು. ಆ ದನಿ ಗುರುತು ಸಿಕ್ಕಿ ಸೌಗಂಧಿಯ ನಗು ಮಾಯವಾಯಿತು.

"ನೀವಾ?" ಎಂದಳು. "ಇಲ್ಲಿಗೂ ಬಂದ್ರಾ?"

"ನಿಮ್ಮ ಕೈಗೆ..."

"ಬಾಗಿಲಿನ ಎಡೆಯಲ್ಲಿ ಸಿಕ್ಕಿತು. ಎಲ್ಲರಿಗೂ ಹಾಗೇ ಹೇಳಿದ್ದೇನೆ, ನೀವೂ ಹಾಗೇ ಕೇಳ್ಕೊಳ್ಳಿ. ನಿಮಗೆ ಯಾರು ಹೇಳಿದ್ದು ನನ್ನ ಕೈಯ ವಿಷಯ?"

"ಯಂತ್ರದಲ್ಲಿ ಗೊತ್ತಾಯ್ತು. ಬಲಗೈ ಬರ್ಲಿಲ್ಲ ಅಂತ."

ಸೌಗಂಧಿ ಅವಳನ್ನೇ ನೋಡಿದಳು. "ನನ್ನ ಗಂಡನಿಗೆ ನನ್ನ ಫೋನು ತೆಗೆದು ನೋಡುವ ಅಭ್ಯಾಸ ಉಂಟು. ಪರ್ಸು ನೋಡ್ತಾರೆ, ಚೀಲ ನೋಡ್ತಾರೆ. ಹೊಸ ಬಟ್ಟೆ ತಕೊಂಡ್ರೆ ಯಾಕೆ ಅಂತ ಕೇಳ್ತಾರೆ. ನನಗೆ ಅಂತ ಇದ್ದದ್ದು ಬ್ಯಾಂಕಿನ ಖಾತೆ ಒಂದೇ. ಅಲ್ಲಿ ಅವರ ಬೆರಳು ನಡೆಯುವುದಿಲ್ಲ ಅಂತ ಧೈರ್ಯ ಇತ್ತು. ನೀವು ಅವರಿಗೆ ಫೋನ್ ಮಾಡಿ ಹೇಳಿಬಿಟ್ರಿ. ಹಾಸ್ಟೆಲಿನ ಹೆಸರೂ ಹೇಳಿದ್ರಿ."

"ಆಪ್ತರು ಅಂತ ಅವರ ಹೆಸರೇ ಇತ್ತು," ಎಂದಳು ಜಲಜಾಕ್ಷಿ. ಹೇಳಿದ ಮೇಲೆ ಆ ಮಾತು ಅವಳಿಗೇ ಸಪ್ಪೆಯೆನಿಸಿತು.

"ಖಾತೆ ತೆರೆಯುವಾಗ ಅವರೇ ಪಕ್ಕದಲ್ಲಿ ಕೂತು ಬರೆಸಿದ್ದು. ಆಮೇಲೆ ಬದಲಾಯಿಸುವಾ ಅಂತ ನೋಡಿದೆ. ಹೆಸರು ಬದಲಾಯಿಸಿದ್ರೆ ಹಳೇ ಆಪ್ತರಿಗೆ ಸೂಚನೆ ಹೋಗ್ತದಂತೆ. ಭದ್ರತೆಗೆ ಅಂತೆ. ಯಾರಪ್ಪಾ ಮಾಡಿದ್ದು ಈ ನಿಯಮ ಅಂತ ಅವತ್ತೇ ಅಂದುಕೊಂಡಿದ್ದೆ."

ಕೆಮ್ಮಿನ ಔಷಧಿಗೆ ಒಬ್ಬ ಮುದುಕ ಬಂದ. ಸೌಗಂಧಿ ಮತ್ತೆ ನಗುಮುಖ ಮಾಡಿಕೊಂಡು ಬಾಟಲಿ ಕೊಟ್ಟು, ಊಟವಾದ ಮೇಲೆ ಕುಡಿಯಬೇಕು ಅಜ್ಜ ಎಂದು ಎರಡು ಸಲ ಹೇಳಿ ಕಳಿಸಿದಳು.

"ಪೊಲೀಸರಿಗೆ ಹೇಳುವಾ," ಎಂದಳು ಜಲಜಾಕ್ಷಿ. "ನಾನು ಜೊತೆಗೆ ಬರ್ತೇನೆ. ಸಾಕ್ಷಿ ಹೇಳ್ತೇನೆ."

"ಬೇಡ. ನಾನು ಎಲ್ಲ ಯೋಚನೆ ಮಾಡಿಯೇ ಇಟ್ಟದ್ದು. ಕೆಲಸವೂ ಸಿಕ್ಕಿತ್ತು ಉಡುಪಿಯಲ್ಲಿ. ಯಾರ ಉಪಕಾರವೂ ನನಗೆ ಬೇಕಾಗಿರ್ಲಿಲ್ಲ. ಬ್ಯಾಂಕು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಸಾಕಿತ್ತು." ಅವಳ ದನಿ ಏರಲಿಲ್ಲ. "ಇನ್ನೊಂದು ಸಲ ಪ್ರಯತ್ನ ಮಾಡ್ತೇನೆ. ಯಾವಾಗ ಅಂತ ನಿಮಗೆ ಹೇಳುವುದಿಲ್ಲ. ಎಲ್ಲಿಗೆ ಅಂತಲೂ ಹೇಳುವುದಿಲ್ಲ. ಆಗ ಅವರಿಗೆ ಗೊತ್ತಾಗಬಾರ್ದು. ಅಷ್ಟು ಮಾಡ್ಲಿಕ್ಕೆ ಆಗ್ತದಾ ನಿಮಗೆ?"

"ಆಗ್ತದೆ," ಎಂದಳು ಜಲಜಾಕ್ಷಿ. ಹೇಗೆ ಎಂಬುದು ಅವಳಿಗೆ ಆಗ ಹೊಳೆದಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳು ನಿಯಮಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡಳು. ಎಲ್ಲವೂ ಅವಳೇ ಕೂತು ಹೊಸೆದವು. ಮೋಸಗಾರ ಒಳನುಗ್ಗುವ ಒಂದೊಂದು ಸಂದನ್ನೂ ಯೋಚಿಸಿ ಮುಚ್ಚಿದ್ದಳು. ಆಪ್ತರಿಗೆ ತಿಳಿಯದಂತೆ ಅವರ ಹೆಸರು ತೆಗೆಯಲು ದಾರಿಯೇ ಇರಲಿಲ್ಲ, ಒಂದನ್ನು ಬಿಟ್ಟು. ಆಪ್ತರು ಸತ್ತುಹೋಗಿದ್ದರೆ ಅವರಿಗೆ ಸೂಚನೆ ಹೋಗುವುದಿಲ್ಲ. ಸತ್ತವರ ಹೆಸರನ್ನು ಕಾವಲು ಕೋಣೆಯ ಮುಖ್ಯಸ್ಥರೇ ತೆಗೆಯಬಹುದು. ಆಮೇಲೆ ಆ ಖಾತೆಗೆ ಕೆಂಪು ಹತ್ತಿದರೆ ತೀರ್ಮಾನ ಮುಖ್ಯಸ್ಥರದೇ.

ಬುಧವಾರ ಬೆಳಿಗ್ಗೆ ಕಾವಲು ಕೋಣೆಯಲ್ಲಿ ಕೂತು, ಸೌಗಂಧಿಯ ಎಡಗೈಗೆ ಒಪ್ಪಿಗೆ ಒತ್ತಿ, ಮೂಲ್ಕಿಯ ಕಂಟ್ರಾಕ್ಟರ್ ದಯಾಕರ ಮೃತಪಟ್ಟಿದ್ದಾನೆ ಎಂದು ಜಲಜಾಕ್ಷಿ ದಾಖಲಿಸಿದಳು. ಇಪ್ಪತ್ತು ವರ್ಷಕ್ಕೂ ಮೀರಿದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಯಂತ್ರ ಪ್ರಶ್ನೆ ಕೇಳಲಿಲ್ಲ. ಸಂತಾಪ ಸೂಚಿಸುವ ಒಂದು ಸಾಲು ಗ್ರಾಹಕಿಗೆ ಹೋಗಬೇಕಾದದ್ದು ನೆನಪಾಗಿ ಅದನ್ನೂ ತಡೆಹಿಡಿದಳು. ಆಮೇಲೆ ಎಂದಿನಂತೆ ಕೆಲಸ ಮಾಡಿದಳು. ಆದರೆ ಚಹಾಕ್ಕೂ ಎದ್ದು ಹೋಗಲಿಲ್ಲ. ತಾನಿಲ್ಲದಾಗ ಆ ದೀಪ ಹತ್ತಿದರೆ ತನ್ನ ಬದಲಿಗೆ ಕೂತವರು ಕರೆ ಮಾಡುತ್ತಾರೆ ಎಂಬ ಯೋಚನೆ ಅವಳನ್ನು ಕುರ್ಚಿಗೆ ಕಟ್ಟಿಹಾಕಿತ್ತು. ಊಟದ ಡಬ್ಬಿಯನ್ನು ಪರದೆಯ ಎದುರಿಗೇ ಬಿಚ್ಚಿದಳು. ಹಲವು ದಿನ ಹೀಗೇ ಕಳೆಯಿತು.

ಕೆಂಪು ಹತ್ತಿದ್ದು ಒಂದು ಶುಕ್ರವಾರ, ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ. ಎಡಗೈಯ ಬೆರಳು. ನಾಡಿ ಓಡುತ್ತಿತ್ತು. ಒಂದೊಂದು ಅಂಕೆಯ ಮೇಲೂ ಬೆರಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತ್ತು. ಅಭ್ಯಾಸವಿಲ್ಲದ ಕೈ. ಗ್ರಾಹಕಿಗೆ ಕರೆ ಮಾಡಬೇಕೇ ಎಂದು ಯಂತ್ರ ಕೇಳಿತು. ಒಂದು ಕ್ಷಣ ಜಲಜಾಕ್ಷಿಗೆ ಹಳೆಯ ಸಂಶಯವೇ ಬಂತು. ಇದು ನಿಜವಾಗಿಯೂ ಮೋಸದವರಿಗೆ ಹೋಗುತ್ತಿದ್ದರೆ? ಅಥವಾ ಗಂಡನೇ ಎದುರು ನಿಂತು ಒತ್ತಿಸುತ್ತಿದ್ದರೆ? ತಿಳಿಯಲು ಒಂದೇ ದಾರಿ ಇತ್ತು, ಕೇಳುವುದು. ಕೇಳುವುದಿಲ್ಲ ಎಂದು ಒಪ್ಪಿಕೊಂಡು ಬಂದಿದ್ದಳು. ಹಣ ಪಡೆಯುವವರ ಹೆಸರಿದ್ದ ಸಾಲನ್ನು ಅಂಗೈಯಿಂದ ಮರೆಮಾಡಿ, ಇನ್ನೊಂದು ಕೈಯಿಂದ ಹೋಗಲಿ ಎಂದು ಒತ್ತಿದಳು.

ಮರುವಾರ ಸೌಗಂಧಿಯ ಖಾತೆ ಮುಚ್ಚಿತು. ಅವಳು ಬೇರೆ ಯಾವುದೋ ಬ್ಯಾಂಕಿಗೆ ಹೋಗಿದ್ದಳು.

ದಯಾಕರ ಬ್ಯಾಂಕಿಗೆ ಬಂದದ್ದು ಅದಾದ ಎರಡು ದಿನಕ್ಕೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹೆಲ್ಮೆಟ್ಟು. ಕೆಳಗಿನ ಮಹಡಿಯ ಭೇಟಿಯ ಕೋಣೆಯಲ್ಲಿ ಜಲಜಾಕ್ಷಿ ಬರುವ ತನಕ ನಿಂತೇ ಇದ್ದ, ಬಂದ ಮೇಲೆ ಕೈಮುಗಿದ.

"ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ ಮೇಡಂ. ನಾನು ಸತ್ತಿದ್ದೇನೆ ಅಂತ ಹೇಳ್ತದೆ." ನಗುವುದಕ್ಕೆ ಪ್ರಯತ್ನಿಸಿದ. "ಇರ್ಲಿ, ತಪ್ಪು ಎಲ್ಲ ಕಡೆ ಆಗ್ತದೆ. ನನ್ನ ಹೆಂಡತಿ ಮನೆಯಲ್ಲಿಲ್ಲ. ಅಂಗಡಿಯಲ್ಲೂ ಇಲ್ಲ. ಅವಳು ಕೊನೆಗೆ ಹಣ ಕಳಿಸಿದ್ದು ಯಾರಿಗೆ ಅಂತ ಹೇಳಿದ್ರೆ ಸಾಕು. ಹೋದ ಸಲ ನೀವೇ ಹೇಳಿದ್ರಿ."

"ಹೋದ ಸಲ ಹೇಳಬಾರದಿತ್ತು."

"ನಾನು ಅವಳ ಗಂಡ."

"ಗೊತ್ತುಂಟು."

"ಅವಳಿಗೆ ಲೋಕಜ್ಞಾನ ಇಲ್ಲ ಮೇಡಂ. ಯಾರಾದ್ರೂ ಮೋಸ ಮಾಡ್ತಾರೆ. ನಿಮಗೆ ಆ ಜವಾಬ್ದಾರಿ ಇಲ್ವಾ?"

"ಉಂಟು," ಎಂದಳು ಜಲಜಾಕ್ಷಿ. "ಅದಕ್ಕೇ ಹೇಳುವುದಿಲ್ಲ."

ಅವನ ವಿನಯ ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣಿನಲ್ಲಿ ಉಳಿದಿರಲಿಲ್ಲ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ಬಗ್ಗಿ, ತಗ್ಗಿದ ದನಿಯಲ್ಲಿ, "ಬದುಕಿದವನನ್ನು ಸತ್ತ ಅಂತ ಬರೆದವರು ಯಾರು ಅಂತ ನಾನು ಕಂಡುಹಿಡೀತೇನೆ. ಅವರ ಕೆಲಸ ಹೋಗ್ತದೆ," ಎಂದ.

"ಕಂಡುಹಿಡಿಯುವುದು ಬೇಡ. ನಾನೇ ಬರೆದದ್ದು," ಎಂದು ಜಲಜಾಕ್ಷಿ ಎದ್ದು ಬಾಗಿಲು ತೆರೆದಳು.

ವಿಚಾರಣೆ ನಡೆಸಿದವರು ಪ್ರಧಾನ ಕಚೇರಿಯ ವಾಮನ ಪ್ರಭು. ಕೆಟ್ಟ ಮನುಷ್ಯ ಆಗಿರಲಿಲ್ಲ. ಹೆದರಿದ ಗ್ರಾಹಕಿಯ ಹಣವನ್ನು ವಿಚಾರಿಸದೆ ಬಿಟ್ಟದ್ದು, ಸುಳ್ಳು ಸಾವು ದಾಖಲಿಸಿದ್ದು, ನಿಷೇಧವಿದ್ದರೂ ಗ್ರಾಹಕಿಯನ್ನು ಭೇಟಿಯಾದದ್ದು, ಎಲ್ಲವನ್ನೂ ಓದಿ ಹೇಳಿದರು. ಜಲಜಾಕ್ಷಿ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಅವರು ಅಷ್ಟಕ್ಕೂ ಎಲ್ಲಿಗೆ ಹೋದ್ರು?" ಎಂದು ಪ್ರಭು ಕೊನೆಯಲ್ಲಿ, ಕಡತ ಮುಚ್ಚಿದ ಮೇಲೆ, ಕುತೂಹಲಕ್ಕೆಂಬಂತೆ ಕೇಳಿದರು.

"ಗೊತ್ತಿಲ್ಲ ಸರ್."

"ನಿಮಗೂ ಗೊತ್ತಿಲ್ವಾ?"

"ನೋಡ್ಲಿಲ್ಲ."

ಕೆಲಸ ಹೋಗಲಿಲ್ಲ. ಅವಳಿಂದ ಉಳಿದ ಮನೆಗಳ ಲೆಕ್ಕ ಪ್ರಭುಗಳಿಗೆ ಗೊತ್ತಿತ್ತು. ಕಾವಲು ಕೋಣೆಯಿಂದ ತೆಗೆದು ಬಂಟ್ವಾಳದ ಶಾಖೆಯ ಸಾಲದ ವಿಭಾಗಕ್ಕೆ ಹಾಕಿದರು. ಅಲ್ಲಿ ಜನ ಎದುರಿಗೇ ಬಂದು ಕೂತು, ತಮಗೆ ಬೇಕಾದಷ್ಟನ್ನೇ ಹೇಳಿ ಎದ್ದು ಹೋಗುತ್ತಿದ್ದರು.

ಐವನ್ ಸಲ್ದಾನ್ಹಾ ಆಡಳಿತದವರೊಡನೆ ಬಹಳ ಕಾಲ ಹೆಣಗಿ ಯಂತ್ರವನ್ನು ಬದಲಾಯಿಸಿದರು. ಬೆರಳಿನ ಓದು ಫೋನಿನೊಳಗೇ ಉಳಿಯುವಂತಾಯಿತು. ಬ್ಯಾಂಕಿಗೆ ಹೋಗುವುದು 'ಇದು ಅವರೇ' ಅಥವಾ 'ಇದು ಅವರಲ್ಲ' ಎಂಬ ಒಂದೇ ಮಾತು. ನಾಡಿ ಏರಿದರೆ ಫೋನು ಅದನ್ನು ಬೇರೆ ಯಾರಿಗೂ ಹೇಳದೆ ಮುಟ್ಟಿದವರಿಗೇ ತಿಳಿಸಿ, ಸ್ವಲ್ಪ ಹೊತ್ತು ತಡೆದು ಕಳಿಸುತ್ತೀರಾ, ಯಾರೊಡನಾದರೂ ಮಾತಾಡುತ್ತೀರಾ ಎಂದು ಕೇಳುತ್ತಿತ್ತು. ಆಪ್ತರ ಹೆಸರು ಬೇಕಾದವರು ಇಟ್ಟುಕೊಳ್ಳಬಹುದು, ಬೇಡವಾದಾಗ ಸದ್ದಿಲ್ಲದೆ ತೆಗೆಯಬಹುದು. ಹಳೆಯ ನಾಡಿಯ ದಾಖಲೆಗಳನ್ನೆಲ್ಲ ಅಳಿಸಿದರು.

ಹೊಸ ಯಂತ್ರ ಬಂದ ಕೆಲವೇ ತಿಂಗಳಲ್ಲಿ ಐವನ್ ಬಂಟ್ವಾಳಕ್ಕೆ ಫೋನ್ ಮಾಡಿದರು.

"ಪುತ್ತೂರಿನಲ್ಲಿ ಒಬ್ಬರು ನಿವೃತ್ತ ಲೈನ್‌ಮನ್, ಮೇಡಂ. ನಕಲಿ ಪೊಲೀಸರದ್ದೇ. ಫೋನು ಕೇಳಿತು, ತಡೆದು ಕಳಿಸ್ತೀರಾ ಅಂತ. ಇಲ್ಲ ಅಂತ ಒತ್ತಿದ್ದಾರೆ. ಎಲ್ಲ ಹೋಯ್ತು."

ಜಲಜಾಕ್ಷಿ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು.

"ಹಳೇ ಯಂತ್ರ ಇದ್ದಿದ್ರೆ ಉಳೀತಿತ್ತು," ಎಂದರು ಐವನ್.

"ಉಳೀತಿತ್ತು," ಎಂದಳು ಅವಳು.

ಆ ಲೈನ್‌ಮನ್ನಿನ ಹೆಸರನ್ನು ಅವಳು ಕೇಳಿ ತಿಳಿದುಕೊಂಡಳು, ಬಹಳ ದಿನ ಅದು ಅವಳ ಮನಸ್ಸಿನಲ್ಲಿ ಓಡಾಡುತ್ತಿತ್ತು. ಸೌಗಂಧಿಯ ಬಗ್ಗೆ ಮತ್ತೆ ಏನೂ ತಿಳಿದುಬರಲಿಲ್ಲ.

ಒಂದು ಭಾನುವಾರ ರತ್ನಾಕ್ಷಿ ಚಾವಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು ಫೋನು ಹಿಡಿದುಕೊಂಡಿದ್ದಳು. ಜಲಜಾಕ್ಷಿ ಪೇಪರು ಓದುತ್ತಿದ್ದಳು.

"ಜಲಜಾ, ಆಪ್ತರು ಅಂತ ಇರುವ ಕಡೆ ನಿನ್ನ ಹೆಸರು ತೆಗೀತೇನೆ."

"ಯಾರದ್ದು ಹಾಕ್ತಿ?"

"ಯಾರದ್ದೂ ಇಲ್ಲ. ಖಾಲಿ ಬಿಡ್ತೇನೆ." ರತ್ನಾಕ್ಷಿ ತಂಗಿಯ ಮುಖ ನೋಡಿದಳು. "ಬೇಜಾರಾಯ್ತಾ?"

ಜಲಜಾಕ್ಷಿಗೆ ಬೇಸರಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಆ ಒಂದು ವರ್ಷ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಬೇಡ ಎನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು.

"ಸ್ವಲ್ಪ ಆಯ್ತು," ಎಂದಳು. "ನೀನು ತೆಗಿ."

ರತ್ನಾಕ್ಷಿ ಗಾಜನ್ನು ಒಂದು ಸಲ ಒತ್ತಿದಳು. ಆಮೇಲೆ ಯಾರಿಗೋ ಹಣ ಕಳಿಸಲು ಹೆಸರು ಹುಡುಕತೊಡಗಿದಳು. ಹುಡುಕುತ್ತ ಹುಡುಕುತ್ತ ಅವಳ ಮುಖದಲ್ಲಿ ಸಣ್ಣ ನಗು ಬಂತು. ಫೋನನ್ನು ತನ್ನ ಕಡೆಗೆ ಸ್ವಲ್ಪ ವಾಲಿಸಿಕೊಂಡಳು. ಜಲಜಾಕ್ಷಿ ಪೇಪರು ಮಡಚಿಟ್ಟು ಎದ್ದು, ಚಹಾಕ್ಕೆ ನೀರಿಡಲು ಒಳಗೆ ಹೋದಳು.